ಬದಲಾದ ದನಿಯ ಜೊತೆ ರಿಯಾಜು

ಕೇಳುಗರಿಗೆ ನಮಸ್ಕಾರ.

ಕಷ್ಟಪಟ್ಟವರಿಗೇ ಕಲೆ ಒಲಿಯುತ್ತದೆ ಅನ್ನುವ ಮಾತನ್ನು ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಜಾಸ್ತಿ ಕೇಳುತ್ತೇವೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಬರೀ ಕಷ್ಟ ಯಾರಿಗೂ ಏನೂ ಕಲಿಸುವುದಿಲ್ಲ. ಎಷ್ಟೋ ಜನರನ್ನು ಅದು ಸುಮ್ನೆ ಹಿಂಡಿ ಹಾಕುತ್ತದೆ. ಅಂಥ ಹೊತ್ತಿನಲ್ಲೂ ದಿನಾ ಕೂತು ಮಾಡುವ ರಿಯಾಜು, ಅಂದರೆ ಹಾಡಿನ ಅಭ್ಯಾಸ, ಇದೆಯಲ್ಲ, ಒಳಗಿನಿಂದ ಬೆಳೆಸುವುದು ಅದು.

ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಗ್ರಾಮಫೋನ್ ಪ್ಲೇಟುಗಳಲ್ಲಿ ಇರುವುದು ತೆಳುವಾದ, ಏರು ದನಿ. ಆಮೇಲೆ ಗಂಟಲಿಗೆ ಚಿಕಿತ್ಸೆ ಆಯಿತು. ದನಿ ದಪ್ಪವಾಯಿತು, ಗಂಡಸರ ದನಿಯ ಹಾಗೆ. ಹಾಡಿನಿಂದಲೇ ಬದುಕುವ ಹೆಣ್ಣುಮಗಳಿಗೆ ಇದು ಸಣ್ಣ ಪೆಟ್ಟಲ್ಲ. ಹಾಡುವ ಹೆಂಗಸು ಅಂತ ಬೀದಿಯಲ್ಲಿ ಜನ ಹೀಯಾಳಿಸುತ್ತಿದ್ದ ಕಾಲ ಬೇರೆ. ಹಳೆಯ ದನಿಗಾಗಿ ಅವರು ಕೊರಗುತ್ತಾ ಕೂತಿದ್ದರೂ ಯಾರು ತಪ್ಪು ಅನ್ನುತ್ತಿದ್ದರು? ಅವರು ಬಂದ ದನಿಯನ್ನೇ ದುಡಿಸಿಕೊಂಡರು. ಆ ಗಟ್ಟಿ ದನಿಯಲ್ಲಿ ಮಂದ್ರದ, ಅಂದರೆ ಕೆಳಗಿನ ಸ್ಥಾಯಿಯ, ಒಂದೊಂದು ಸ್ವರದ ಮೇಲೂ ನಿಂತು, ರಾಗವನ್ನು ಅವಸರವಿಲ್ಲದೆ ಬೆಳೆಸಿದರು. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ, ಗುರು ಸವಾಯಿ ಗಂಧರ್ವರ ಮುಂದೆ ಒಂದೇ ಪಲ್ಟಾವನ್ನು, ಅಂದರೆ ಅಭ್ಯಾಸದ ಸ್ವರಗಳ ಸಾಲನ್ನು, ಮತ್ತೆ ಮತ್ತೆ ಹಾಡಿ ಪಡೆದ ತಾಳ್ಮೆ ಅದು. 2004ರಲ್ಲಿ, ವೇದಿಕೆಯಲ್ಲಿ ಜೊತೆಗೆ ಹಾಡುತ್ತಿದ್ದ ಮಗಳು ಕೃಷ್ಣಾ ತೀರಿಕೊಂಡರು. ಆ ತಾಯಿ 2006ರಲ್ಲಿ, 93ರ ವಯಸ್ಸಿನಲ್ಲಿ, ಮತ್ತೆ ಕಚೇರಿಗೆ ಕೂತರು. ನನಗೆ ಈಗಲೂ ಇದನ್ನು ಹೇಳುವಾಗ ಗಂಟಲು ಕಟ್ಟುತ್ತದೆ.

ಗದಗಿನಲ್ಲಿ ಈ ಬೆಳವಣಿಗೆ ಇನ್ನೊಂದು ದಾರಿ ಹಿಡಿಯಿತು. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಅವರ ಶಿಷ್ಯ, 1914ರಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. 1944ರಲ್ಲಿ ಗುರುಗಳು ಹೋದ ಮೇಲೆ ವೀರೇಶ್ವರ ಪುಣ್ಯಾಶ್ರಮದ ಭಾರ ಶಿಷ್ಯನ ಹೆಗಲಿಗೆ ಬಂತು. ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಪಾಠವೂ ಆಗಬೇಕು, ಊಟವೂ ಆಗಬೇಕು. ಅದಕ್ಕಾಗಿ ನಾಟಕ ಬರೆದರು, ನಾಟಕ ಕಂಪನಿ ನಡೆಸಿದರು. ತಮ್ಮ ಕತ್ತಲೆಯನ್ನು ಸ್ವರದಿಂದ ದಾಟಿದವರು ಅಲ್ಲಿಗೇ ನಿಲ್ಲಲಿಲ್ಲ. ಇನ್ನೊಬ್ಬರ ಮಕ್ಕಳ ಕೈಹಿಡಿದು ಅದೇ ದಾರಿಯಲ್ಲಿ ನಡೆಸಿದರು. ಒಳಗಿನ ಬೆಳವಣಿಗೆ ಅಂದರೆ ನನ್ನ ಮಟ್ಟಿಗೆ ಇದು.

ಇವರೆಲ್ಲ ದೊಡ್ಡವರು, ನಮ್ಮ ಕೈಲಿ ಆಗುತ್ತದೆಯೇ ಅಂತ ನಿಮಗೆ ಅನ್ನಿಸಬಹುದು. ಆದರೆ ನಮ್ಮ ಮನೆಗಳಲ್ಲಿ ಕೌದಿ ಹೊಲಿಯುವ ಅಜ್ಜಿಯರನ್ನು ನೋಡಿದ್ದೀರಿ, ಅಲ್ವಾ? ತೀರಿಹೋದ ಅವ್ವನ ಸೀರೆಗೆ ಕತ್ತರಿ ಹಾಕುವಾಗ ಕೈ ಹಿಂಜರಿಯುತ್ತದೆ. ಯಾವ ತುಂಡು ಎಲ್ಲಿಗೆ, ಯಾವ ಬಣ್ಣದ ಪಕ್ಕ ಯಾವುದು ಅಂತ ನೋಡುತ್ತಾ ನೋಡುತ್ತಾ, ಅಳುವಿನ ಜೊತೆ ಅವ್ವನ ಮಾತು, ನಗು ಕೂಡ ನೆನಪಿಗೆ ಬರುತ್ತವೆ. ದುಃಖ ಹೋಗುವುದಿಲ್ಲ. ಅದರ ಜೊತೆ ಕೂತಿರುವುದು ಕೈಗೆ ಅಭ್ಯಾಸವಾಗುತ್ತದೆ.

ಈಗ ಸಂಕಟದಲ್ಲಿ ಇರುವವರು ಯಾರಾದರೂ ಕೇಳುತ್ತಿದ್ದರೆ ಅವರಿಗೊಂದು ಮಾತು. ಮನಸ್ಸು ಸರಿಯಾಗಲಿ, ಆಮೇಲೆ ನೋಡೋಣ ಅಂತ ಕಾಯಬೇಡಿ. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ನಾಳೆ ಬೆಳಿಗ್ಗೆ ಧೂಳು ಒರೆಸಿ ಷಡ್ಜ, ಅಂದರೆ ‘ಸ’ ಸ್ವರ, ಹಿಡಿದು ಕೂಡಿ. ಚಲೋ ಬರಲಿಲ್ಲ ಅಂದರೆ ನಾಡಿದ್ದು ಮತ್ತೆ ಕೂಡಿ. ನಮಸ್ಕಾರ.