ಗೇಟಿನೊಳಗಿನ ಸಾಲ

ಕೇಳುಗರಿಗೆಲ್ಲ ನಮಸ್ಕಾರ.

‘ದಿ ರಿಯಲ್ ಹೌಸ್‌ವೈವ್ಸ್’ ಅಂತ ಅಮೆರಿಕದ ಒಂದು ರಿಯಾಲಿಟಿ ಶೋ ಇದೆ. ಹೆಸರು ಹೇಳಿದ ಕೂಡಲೇ ಕೆಲವರು ಮೂಗು ಮುರಿಯುತ್ತಾರೆ. ದೊಡ್ಡ ಮನೆ, ವೈನ್ ಗ್ಲಾಸು, ಹೆಂಗಸರ ಜಗಳ, ಇಷ್ಟೇ ತಾನೇ ಅಂತ. ಜಗಳ ಇದೆ, ಇಲ್ಲ ಅನ್ನೋದಿಲ್ಲ. ನನಗೆ ಮಾತ್ರ ಅದನ್ನು ನೋಡುವಾಗ ಬೇರೆಯದೇ ಚಿಂತೆ. ಈ ಮನೆಯ ಕಂತು ಕಟ್ಟುತ್ತಿರುವವರು ಯಾರು? ಕಟ್ಟುತ್ತಿದ್ದಾರೆ ಅನ್ನೋದಾದರೂ ನಿಜವಾ?

ಶೋ ಶುರುವಾದದ್ದು 2006ರ ಮಾರ್ಚ್‌ನಲ್ಲಿ, ಬ್ರಾವೋ ಚಾನೆಲ್‌ನಲ್ಲಿ. ಜಾಗ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿ. ಅಲ್ಲಿ ಕೋಟೋ ಡಿ ಕಾಜಾ ಅನ್ನೋ ಗೇಟು ಹಾಕಿದ ಬಡಾವಣೆ. ಮೊದಲು ಬಂದ ಐವರಲ್ಲಿ ವಿಕಿ ಗನ್ವಲ್ಸನ್ ಸ್ವಂತ ಇನ್ಶೂರೆನ್ಸ್ ಏಜೆನ್ಸಿ ನಡೆಸುತ್ತಿದ್ದರು. ಹಗಲೂ ರಾತ್ರಿ ದುಡಿಯುವ ಹೆಂಗಸು. ಇದೇ ವಿಕಿ, ಊರಿಗೆ ಹೊರಟಾಗ ಲಿಮೋಸಿನ್ ಬದಲು ವ್ಯಾನ್ ಬಂತು ಅಂತ ಕೂಗಾಡಿದ್ದೂ ಉಂಟು. ಜನ ಅದನ್ನು ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ಆ ಐವರಲ್ಲಿ ನನಗೆ ಜಾಸ್ತಿ ನೆನಪಲ್ಲಿ ಉಳಿದವರು ಲಾರಿ ವೇರಿಂಗ್. ಗಂಡನ ಜೊತೆ ದೊಡ್ಡ ಮನೆಯಲ್ಲಿದ್ದವರು, ವಿಚ್ಛೇದನವಾದ ಮೇಲೆ ಚಿಕ್ಕ ಟೌನ್‌ಹೌಸ್‌ಗೆ ಬಂದರು. ವಿಕಿಯ ಆಫೀಸಿನಲ್ಲೇ ಕೆಲಸಕ್ಕೆ ಸೇರಿದರು. ಗೆಳತಿಯೇ ಯಜಮಾನಿ. ಪಾರ್ಟಿಯಲ್ಲಿ ಇಬ್ಬರೂ ಒಂದೇ ಮೇಜಿನಲ್ಲಿ ಕೂರಬೇಕು, ಸೋಮವಾರ ಒಬ್ಬರು ಇನ್ನೊಬ್ಬರ ಮುಂದೆ ನಿಲ್ಲಬೇಕು. ಕೊನೆಗೆ ಲಾರಿ ದೊಡ್ಡ ಮನೆಗೆ ವಾಪಸ್ ಹೋದದ್ದು ಹೇಗೆ? ಸಂಬಳದಿಂದಲ್ಲ, ಶ್ರೀಮಂತರೊಬ್ಬರನ್ನು ಮದುವೆಯಾಗಿ. ಶೋ ಅದನ್ನು ಸಿಂಡರೆಲ್ಲಾ ಕಥೆ ಥರ ತೋರಿಸಿತು. ನನಗೇನೋ ಅದರಲ್ಲಿ ಅಂಥ ಖುಷಿ ಕಾಣಲಿಲ್ಲ.

ಆ ಕಾಲವನ್ನೂ ಸ್ವಲ್ಪ ನೋಡಿ. ಅಮೆರಿಕದಲ್ಲಿ ಮನೆಗಳ ಬೆಲೆ ಆಕಾಶ ಮುಟ್ಟಿದ್ದ ಕಾಲ. ಸಾಲ ತೀರಿಸುವ ತಾಕತ್ತು ಇಲ್ಲದವರಿಗೂ ಕರೆದು ಕರೆದು ಗೃಹಸಾಲ ಕೊಡುತ್ತಿದ್ದ ನ್ಯೂ ಸೆಂಚುರಿ ಕಂಪನಿಯ ಮುಖ್ಯ ಕಚೇರಿ ಇದ್ದದ್ದು ಇದೇ ಆರೆಂಜ್ ಕೌಂಟಿಯ ಅರ್ವೈನ್‌ನಲ್ಲಿ. 2007ರ ಏಪ್ರಿಲ್‌ನಲ್ಲಿ ಅದು ದಿವಾಳಿ ಎದ್ದಿತು. ಬ್ರಾವೋದವರು ವೈಭವ ತೋರಿಸೋಕೆ ಕ್ಯಾಮೆರಾ ಇಟ್ಟಿದ್ದ ಜಾಗದಲ್ಲೇ ಬುಡ ಕುಸಿಯುತ್ತಿತ್ತು.

ನಾಲ್ಕನೇ ಸೀಸನ್‌ನಲ್ಲಿ ಲಿನ್ ಕರ್ಟಿನ್ ಅನ್ನುವವರು ಬರುತ್ತಾರೆ. ಐದನೇ ಸೀಸನ್‌ನಲ್ಲಿ ಫೇಸ್‌ಲಿಫ್ಟ್ ಸರ್ಜರಿ ಮಾಡಿಸಿಕೊಳ್ಳುತ್ತಾರೆ, ಕ್ಯಾಮೆರಾ ಮುಂದೆಯೇ. ಅದರಲ್ಲೇ ಇನ್ನೊಂದು ಎಪಿಸೋಡ್. ಬಾಗಿಲು ತಟ್ಟಿದ ಸದ್ದು. ಮಗಳು ಹೋಗಿ ತೆಗೆಯುತ್ತಾಳೆ. ಯಾರೋ ಒಬ್ಬ ಕಾಗದ ಕೊಟ್ಟು ಹೋಗುತ್ತಾನೆ. ಮನೆ ಖಾಲಿ ಮಾಡಿ ಅನ್ನೋ ನೋಟಿಸು. ಅದು ಬಾಡಿಗೆ ಮನೆ! ದುಡ್ಡಿನ ವ್ಯವಹಾರವೆಲ್ಲ ಗಂಡನ ಕೈಯಲ್ಲಿತ್ತು, ಬಾಡಿಗೆ ಬಾಕಿ ಇರುವುದೇ ತನಗೆ ಗೊತ್ತಿರಲಿಲ್ಲ ಅಂತಾರೆ ಲಿನ್. ಈ ಮಾತು ನಿಜವೋ ಸುಳ್ಳೋ, ಅದನ್ನು ಬಿಡಿ. ಎಷ್ಟು ಮನೆಗಳಲ್ಲಿ ಇದೇ ಮಾತು ಕೇಳಿಲ್ಲ ನಾವು?

ಆಮೇಲೆ ಇದೇ ಶೋ ಬೇರೆ ಬೇರೆ ಊರುಗಳಲ್ಲೂ ಬೇರೆ ಬೇರೆ ಹೆಂಗಸರೊಂದಿಗೆ ಶುರುವಾಯಿತು. ಅದರಲ್ಲಿ ನ್ಯೂಜೆರ್ಸಿಯ ತೆರೇಸಾ ಜುಡಿಚೆ ಕಥೆ ಇನ್ನೂ ವಿಚಿತ್ರ. 2009ರಲ್ಲಿ, ಅಲ್ಲಿನ ಶೋದ ಮೊದಲ ಸೀಸನ್‌ನಲ್ಲಿ, ಹೊಸ ಮನೆಗೆ ಅಂತ ಸುಮಾರು 1,20,000 ಡಾಲರಿನ ಪೀಠೋಪಕರಣ ಕೊಂಡು, ನಗದು ಎಣಿಸಿ ಕೊಟ್ಟರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಗಂಡ ಹೆಂಡತಿ ದಿವಾಳಿ ಅರ್ಜಿ ಹಾಕಿದರು. ಆಮೇಲೆ ವಂಚನೆಯ ಕೇಸು, 2014ರಲ್ಲಿ ತಪ್ಪೊಪ್ಪಿಗೆ. ಅದರಲ್ಲಿ ಒಂದು ವಿಷಯ ಕೇಳಿ: 2001ರಲ್ಲೇ ಸಾಲದ ಅರ್ಜಿಯಲ್ಲಿ ತೆರೇಸಾ ಆಫೀಸೊಂದರಲ್ಲಿ ನೌಕರಿಯಲ್ಲಿದ್ದಾರೆ ಅಂತ ಬರೆದಿತ್ತು. ಅವರು ಯಾವ ನೌಕರಿಯಲ್ಲೂ ಇರಲಿಲ್ಲ! ಟಿವಿಯಲ್ಲಿ ಗೃಹಿಣಿ, ಬ್ಯಾಂಕಿನ ಕಾಗದದಲ್ಲಿ ಉದ್ಯೋಗಸ್ಥೆ. ಮನೆಯಲ್ಲಿ ನಾಲ್ಕು ಹೆಣ್ಣುಮಕ್ಕಳಿದ್ದರು, ಹಾಗಾಗಿ ಅಪ್ಪ ಅಮ್ಮ ಒಬ್ಬರಾದ ಮೇಲೆ ಒಬ್ಬರು ಜೈಲಿಗೆ ಹೋಗಲಿ ಅಂತ ನ್ಯಾಯಾಧೀಶರು ಅವಕಾಶ ಕೊಟ್ಟರು. 2015ರ ಕೊನೆಗೆ ತೆರೇಸಾ ಹೊರಗೆ ಬಂದರು. ಮತ್ತೆ ಶೋಗೂ ಬಂದರು.

ಬಣ್ಣದ ಮಾತೂ ಇದೆ. ಅಟ್ಲಾಂಟಾದ ಶೋನಲ್ಲಿ ಬಹುತೇಕ ಕಪ್ಪು ಮಹಿಳೆಯರು. ಬೆವರ್ಲಿ ಹಿಲ್ಸ್ ಶೋ 2010ರಲ್ಲೇ ಶುರುವಾದರೂ ಮೊದಲ ಕಪ್ಪು ‘ಹೌಸ್‌ವೈಫ್’ ಬಂದದ್ದು 2020ರಲ್ಲಿ. ಊರಿನ ಬೇಲಿ ಟಿವಿಗೂ ಹಾಗೇ ಬಂದುಬಿಟ್ಟಿತ್ತು.

ಸರಿ, ಈ ಜಗಳ ಕಣ್ಣೀರಿನಿಂದ ದುಡ್ಡು ಮಾಡಿದವರು ಯಾರು? ನ್ಯೂಯಾರ್ಕಿನ ಬೆಥೆನಿ ಫ್ರ್ಯಾಂಕಲ್ ತನಗೆ ಮೊದಲ ಸೀಸನ್‌ಗೆ ಸಿಕ್ಕಿದ್ದು 7,250 ಡಾಲರ್ ಅಂತ ಹೇಳಿದ್ದಾರೆ. ಅವರು ಜಾಣೆ. ಶೋನಲ್ಲಿದ್ದಾಗಲೇ ‘ಸ್ಕಿನ್ನಿಗರ್ಲ್’ ಅನ್ನೋ ಮದ್ಯದ ಬ್ರ್ಯಾಂಡ್ ಕಟ್ಟಿ, 2011ರಲ್ಲಿ ದೊಡ್ಡ ಮೊತ್ತಕ್ಕೆ ಮಾರಿದರು. ಚಾನೆಲ್‌ಗೆ ಅದರಲ್ಲಿ ಪಾಲಿರಲಿಲ್ಲ. ಆಮೇಲಿನ ಕರಾರುಗಳಲ್ಲಿ ಇಂಥ ವ್ಯಾಪಾರದಲ್ಲಿ ಚಾನೆಲ್‌ಗೂ ಪಾಲು ಅನ್ನೋ ಷರತ್ತು ಸೇರಿತು. ಜನ ಅದಕ್ಕೆ ಬೆಥೆನಿಯ ಹೆಸರನ್ನೇ ಇಟ್ಟರು. 2023ರಲ್ಲಿ ಹಾಲಿವುಡ್ ನಟರ ಮುಷ್ಕರ ನಡೆಯುತ್ತಿದ್ದಾಗ ಇದೇ ಬೆಥೆನಿ, ರಿಯಾಲಿಟಿ ಶೋದವರಿಗೂ ಯೂನಿಯನ್ ಬೇಕು ಅಂದರು. ಹಳೇ ಎಪಿಸೋಡು ಮತ್ತೆ ಹಾಕಿದಾಗ ನಟಿಯರಿಗೆ ದುಡ್ಡು ಬರುತ್ತದೆ, ನಮಗೆ ಯಾಕಿಲ್ಲ ಅಂತ ಅವರ ಪ್ರಶ್ನೆ.

ನಮಸ್ಕಾರ.