ಸಿಡಿಲಿಗೆ ಅಂಜಿದವರ ನಂಬಿಕೆಗಳು

ಕೇಳುಗರಿಗೆ ನಮಸ್ಕಾರ.

ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಬೆಂಗಳೂರಿನ ಮೇಲೆ ಮೋಡ ಕವಿದು ಗುಡುಗು ಮೊಳಗಿದಾಗ, ಹಲವು ಮನೆಗಳಲ್ಲಿ ಹಿರಿಯರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು 'ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ' ಎಂದು ಮಧ್ಯಮ ಪಾಂಡವನ ಹತ್ತು ಹೆಸರುಗಳನ್ನು ಹೇಳಿಸುತ್ತಾರೆ. ವಜ್ರಾಯುಧ ಹಿಡಿದ ಇಂದ್ರನು ತನ್ನ ಮಗನ ಹೆಸರು ಕೇಳಿಬಂದ ಕಡೆ ಸಿಡಿಲನ್ನು ಕೆಡವಲಾರ ಎಂಬ ಭರವಸೆ ಅದರ ಹಿಂದಿದೆ. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಆ ಹೆಸರುಗಳು ಸಿಡಿಲನ್ನು ತಡೆಯಲಾರವು, ನಿಜ; ಆದರೆ ಅವನ್ನು ಹೇಳುತ್ತಿರುವಷ್ಟು ಹೊತ್ತು ಮಗು ಮನೆಯೊಳಗೇ ಇರುತ್ತದೆ, ಅದರ ಹೆದರಿಕೆಯೂ ಇಳಿಯುತ್ತದೆ. ಸಿಡಿಲಿನ ಬಗೆಗಿನ ಯಾವ ನಂಬಿಕೆಯನ್ನೇ ಆಗಲಿ, ಆ ಗಳಿಗೆಯಲ್ಲಿ ಅದು ಮನುಷ್ಯನನ್ನು ಎಲ್ಲಿ ನಿಲ್ಲಿಸುತ್ತದೆ ಎಂಬುದರಿಂದ ಅಳೆಯಬೇಕು.

ಯೂರೋಪಿನ ಒಂದು ಹಳೆಯ ರೂಢಿಯನ್ನು ಹೀಗೆ ಅಳೆದರೆ ಎದೆ ನಡುಗುತ್ತದೆ. ಚರ್ಚಿನ ಗಂಟೆಯ ನಾದಕ್ಕೆ ಗುಡುಗು ಮಿಂಚುಗಳು ಚದುರುತ್ತವೆ ಎಂದು ಅಲ್ಲಿನ ಜನ ಶತಮಾನಗಳ ಕಾಲ ನಂಬಿದ್ದರು. 'ನಾನು ಮಿಂಚನ್ನು ಮುರಿಯುತ್ತೇನೆ' ಎಂಬ ಲ್ಯಾಟಿನ್ ಸಾಲನ್ನು ಗಂಟೆಗಳ ಮೈಮೇಲೆಯೇ ಎರಕ ಹೊಯ್ಯಿಸುತ್ತಿದ್ದರು. ಬಿರುಗಾಳಿ ಎದ್ದೊಡನೆ ಗಂಟೆಯಾಳು ಊರಿನ ಅತಿ ಎತ್ತರದ ಕಟ್ಟಡಕ್ಕೆ ಓಡಿ, ಮಳೆಯಲ್ಲಿ ತೊಯ್ದ ಹಗ್ಗವನ್ನು ಹಿಡಿದು ಎಳೆಯಬೇಕಿತ್ತು. 33 ವರ್ಷಗಳಲ್ಲಿ 386 ಗೋಪುರಗಳಿಗೆ ಸಿಡಿಲು ಬಡಿದು 103 ಮಂದಿ ಗಂಟೆಯಾಳುಗಳು ಸತ್ತರೆಂದು 1784ರಲ್ಲಿ ಮ್ಯೂನಿಕ್ ನಗರದಲ್ಲಿ ಪ್ರಕಟವಾದ ಪುಸ್ತಕವೊಂದು ಲೆಕ್ಕ ಕೊಟ್ಟಿತು. ಬೆಂಜಮಿನ್ ಫ್ರಾಂಕ್ಲಿನ್ ಅದಕ್ಕೆ ಮೂವತ್ತು ವರ್ಷಗಳಷ್ಟು ಮೊದಲೇ ಮಿಂಚು ವಿದ್ಯುತ್ತೇ ಎಂದು ವಾದಿಸಿ, ಕಟ್ಟಡಗಳ ನೆತ್ತಿಗೆ ಲೋಹದ ಸರಳು ನೆಟ್ಟು ಅದನ್ನು ನೆಲಕ್ಕೆ ಇಳಿಸುವ ದಾರಿಯನ್ನು ತೋರಿಸಿದ್ದರು.

ಜಪಾನಿನಲ್ಲಿ ಗುಡುಗುವ ದೇವತೆ ಮಕ್ಕಳ ಹೊಕ್ಕುಳನ್ನು ಕಿತ್ತೊಯ್ಯುತ್ತಾನೆಂದು ಹೇಳಿ ಹೊಟ್ಟೆ ಮುಚ್ಚಿಸುತ್ತಾರೆ. ದೊಡ್ಡವರು 'ಕುವಾಬರಾ, ಕುವಾಬರಾ' ಎಂದು ಹಿಪ್ಪುನೇರಳೆ ತೋಟವನ್ನು ನೆನೆಯುತ್ತಾರೆ. ಗಡೀಪಾರಾಗಿ 903ರಲ್ಲಿ ತೀರಿಕೊಂಡ ಸುಗವಾರ ನೊ ಮಿಚಿಝಾನೆ ಎಂಬ ವಿದ್ವಾಂಸನ ಮುನಿದ ಆತ್ಮವೇ 930ರಲ್ಲಿ ಅರಮನೆಗೆ ಸಿಡಿಲು ಕೆಡವಿತೆಂದೂ, ಅವನ ಹಿಪ್ಪುನೇರಳೆ ತೋಟವೊಂದಕ್ಕೆ ಮಾತ್ರ ಸಿಡಿಲು ತಾಗದೆಂದೂ ಐತಿಹ್ಯವಿದೆ. ರಾಮನಗರ, ಕೋಲಾರಗಳ ರೇಷ್ಮೆ ಬೆಳೆಗಾರರು ಇದನ್ನು ಕಥೆಯಾಗಿಯೇ ಕೇಳಬೇಕು. ಬಯಲಿನ ತೋಟಕ್ಕೆ ಅಂಥ ರಕ್ಷಣೆ ಯಾವುದೂ ಇಲ್ಲ.

ನಮ್ಮ ನಗರದಲ್ಲಿ ನನ್ನನ್ನು ಹೆಚ್ಚು ಕಾಡುವುದು ಮರದಡಿ ನಿಂತರೆ ಸಾಕೆಂಬ ಭಾವನೆ. ಮಳೆ ಹನಿದೊಡನೆ ಬೈಕುಗಳು ರಸ್ತೆಬದಿಯ ದೊಡ್ಡ ಮರಗಳ ಕೆಳಗೆ ಸಾಲುಗಟ್ಟುತ್ತವೆ. ಮರಕ್ಕೆ ಬಡಿದ ಸಿಡಿಲು ಕಾಂಡದಿಂದ ಪಕ್ಕದಲ್ಲಿ ನಿಂತವರ ಮೈಗೆ ಹಾರಬಲ್ಲದು, ಬೇರಿನ ಸುತ್ತಲಿನ ನೆಲದಲ್ಲಿಯೂ ಹರಿಯಬಲ್ಲದು. ಗುಡುಗು ಕಿವಿಗೆ ಬೀಳುವಷ್ಟು ಹತ್ತಿರವಿದ್ದರೆ ಸಿಡಿಲೂ ನಮ್ಮನ್ನು ಮುಟ್ಟುವಷ್ಟು ಹತ್ತಿರವಿದೆಯೆಂದು ತಿಳಿದು, ಪಕ್ಕಾ ಕಟ್ಟಡವನ್ನೋ ಗಾಜು ಏರಿಸಿದ ಕಾರನ್ನೋ ಸೇರಬೇಕು.

ಇನ್ನೊಂದು ನಂಬಿಕೆ ಪ್ರಾಣಕ್ಕೇ ಎರವಾಗುತ್ತದೆ. ಸಿಡಿಲು ಬಡಿದವರನ್ನು ಮುಟ್ಟಿದರೆ ಮುಟ್ಟಿದವರಿಗೂ ವಿದ್ಯುತ್ ತಗಲುತ್ತದೆ ಎಂದು ಜನ ದೂರ ನಿಲ್ಲುತ್ತಾರೆ. ಛತ್ತೀಸಗಢದಂಥ ರಾಜ್ಯಗಳಲ್ಲಿ ಗಾಯಾಳುವನ್ನು ಕತ್ತಿನವರೆಗೆ ಸಗಣಿಯಲ್ಲಿ ಹೂತು ಕಾದದ್ದೂ ವರದಿಯಾಗಿದೆ. ಆ ದೇಹದಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ, 108ಕ್ಕೆ ಕರೆ ಮಾಡಿಸಿ, ಎರಡೂ ಅಂಗೈಗಳನ್ನು ಎದೆಯ ನಡುವೆ ಇಟ್ಟು, ನಿಮಿಷಕ್ಕೆ 100ರಿಂದ 120 ಬಾರಿ ಗಟ್ಟಿಯಾಗಿ ಒತ್ತಲು ತಕ್ಷಣವೇ ತೊಡಗಬೇಕು.

ನಮಸ್ಕಾರ.