ಹುಬ್ಬು ಏರಿದರೆ ಅದು ಪ್ರಶ್ನೆ: ಸಂಜ್ಞಾ ಭಾಷೆಯನ್ನು ಎಐಗೆ ಕಲಿಸುವ ಬಗೆ

ಸ್ನೇಹಿತರೇ, ಶಿವಮೊಗ್ಗದ ಯಾವುದಾದರೂ ಆಸ್ಪತ್ರೆಯ ಹೊರರೋಗಿ ಕೌಂಟರ್ ನೆನೆಸಿಕೊಳ್ಳಿ. ಜ್ವರ ಹೊತ್ತು ಬಂದ ಕಿವುಡರೊಬ್ಬರನ್ನು ಅಲ್ಲಿ ಕೇಳಬೇಕಾದ್ದು ನಾಲ್ಕೇ ಮಾತು: ಎಷ್ಟು ದಿನದಿಂದ ಜ್ವರ, ಕಾಡಿಗೆ ಹೋಗಿದ್ದಿರಾ, ಉಣುಗು ಕಚ್ಚಿತ್ತಾ, ಮಂಗ ಸತ್ತು ಬಿದ್ದದ್ದು ಕಂಡಿರಾ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಅನುಮಾನಕ್ಕೆ ಇಷ್ಟು ಸಾಕು. ಇಡೀ ಭಾಷೆಯನ್ನೇ ಯಂತ್ರಕ್ಕೆ ಕಲಿಸುತ್ತೇನೆಂದು ಹೊರಡುವುದಕ್ಕಿಂತ ಇಂಥ ಇನ್ನೂರು ಪದದ ಒಂದೇ ಕೆಲಸ ಹಿಡಿಯುವುದು ಮೇಲು.

ಭಾರತೀಯ ಸಂಜ್ಞಾ ಭಾಷೆಯಲ್ಲಿ ಪ್ರಶ್ನಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ: ‘ನೀವು ಊರು ಹೋಗು ಯಾವಾಗ’. ‘ಜ್ವರ ಇದೆ’, ‘ಜ್ವರ ಇದೆಯಾ’ ಎರಡಕ್ಕೂ ಕೈ ಒಂದೇ. ವ್ಯತ್ಯಾಸ ಇರುವುದು ಏರಿದ ಹುಬ್ಬಿನಲ್ಲಿ. ಸನ್ನೆಯನ್ನು ಮಾತಾಗಿಸುತ್ತದೆಂದು ಆಗಾಗ ಸುದ್ದಿಯಾಗುವ ‘ಮಾತಾಡುವ ಕೈಗವಸು’ ಸೋಲುವುದು ಇಲ್ಲೇ. ಗವಸಿಗೆ ಹುಬ್ಬು ಎಲ್ಲಿಂದ ಕಾಣಬೇಕು?

ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ (ಐಎಸ್ಎಲ್ಆರ್‌ಟಿಸಿ) ವಿಡಿಯೊ ನಿಘಂಟು 2021ಕ್ಕೆ 10,000 ಪದ ಮುಟ್ಟಿತು. ನೋಡಿ ಕಲಿಯುವವರಿಗೆ ಅದು ದೊಡ್ಡ ಆಸರೆ. ಯಂತ್ರಕ್ಕೆ ಮಾತ್ರ ಒಂದು ಪದಕ್ಕೆ ಹಲವರ, ಹಲವು ಬಾರಿಯ ವಿಡಿಯೊ ಬೇಕು. ‘ಇನ್‌ಕ್ಲೂಡ್’ ಎಂಬ ಭಾರತೀಯ ಸಂಜ್ಞಾ ಭಾಷೆಯ ವಿಡಿಯೊ ಸಂಗ್ರಹದಲ್ಲಿ 263 ಪದಕ್ಕೆ 4,287 ವಿಡಿಯೊ ಇವೆ, ಪದಕ್ಕೆ ಸುಮಾರು 16. ಆದರೆ ಅವು ಬಿಡಿ ಪದಗಳು. ಮಾತಿನ ಓಟದಲ್ಲಿ ಒಂದು ಸನ್ನೆ ಮುಂದಿನದರೊಳಗೆ ಕರಗಿಹೋಗುತ್ತದೆ. ಆದ್ದರಿಂದ ಸಂಭಾಷಣೆಯನ್ನೇ ಚಿತ್ರಿಸಿ.

ಕ್ಯಾಮೆರಾ ಎದೆಯ ಎತ್ತರಕ್ಕಿರಲಿ. ನೆತ್ತಿಯಿಂದ ಸೊಂಟದವರೆಗೆ, ಚಾಚಿದ ಮೊಣಕೈಯೂ ಸೇರಿ ಕಾಣಲಿ. ಸೆಕೆಂಡಿಗೆ 50–60 ಫ್ರೇಮ್ ಇಡಿ. ಆಷಾಢದ ಮಳೆಯಲ್ಲಿ ಕಿಟಕಿ ಬೆಳಕು ನಂಬಬೇಡಿ: ಬೆಳಕು ಇಳಿದರೆ ಫೋನು ತಾನಾಗಿ ಶಟರ್ ನಿಧಾನ ಮಾಡುತ್ತದೆ, ಬೆರಳು ಮಸುಕಾಗುತ್ತದೆ. ಎರಡು ಕಡೆಯಿಂದ ಬ್ಯಾಟರಿ ದೀಪ ಇಡಿ. ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ.

ವಿಡಿಯೊದಲ್ಲಿ ಮೈ, ಮುಖ, ಕೈ ಗುರುತಿಸುವ ಗೂಗಲ್‌ನ ತಂತ್ರಾಂಶ ಮೀಡಿಯಾಪೈಪ್ ಹೋಲಿಸ್ಟಿಕ್ ಪ್ರತಿ ಫ್ರೇಮಿನಲ್ಲಿ 543 ಬಿಂದು ಗುರುತಿಸುತ್ತದೆ: ಮೈಗೆ 33, ಮುಖಕ್ಕೆ 468, ಕೈಗೆ 21ರಂತೆ. ಕೈಗೆ ಕೈ ತಾಗಿದಾಗ ಬಿಂದುಗಳು ಅದಲುಬದಲಾಗುತ್ತವೆ ಇಲ್ಲವೇ ಮಾಯವಾಗುತ್ತವೆ. ನಮ್ಮ ಹೆಚ್ಚಿನ ಬೆರಳಕ್ಷರಗಳಿಗೆ (ಬೆರಳಿನಲ್ಲಿ ತೋರಿಸುವ ಅಕ್ಷರಗಳಿಗೆ) ಎರಡೂ ಕೈ ಬೇಕಾದ್ದರಿಂದ ಈ ಪೆಟ್ಟು ನಮಗೇ ಹೆಚ್ಚು. ಮಾಯವಾದಲ್ಲಿ ಸೊನ್ನೆ ತುಂಬಬೇಡಿ. ಯಂತ್ರ ಅದನ್ನು ಕೈಯ ನಿಜವಾದ ಜಾಗ ಎಂದೇ ಓದುತ್ತದೆ. ಎರಡು ಮೂರು ಫ್ರೇಮಿನ ಸಂದನ್ನು ಹಿಂದುಮುಂದಿನಿಂದ ಅಂದಾಜಿಸಿ, ದೊಡ್ಡದನ್ನು ‘ಇಲ್ಲ’ ಎಂದೇ ಗುರುತಿಸಿ.

ಕಲಿತ ಯಂತ್ರದ ಪರೀಕ್ಷೆಯಲ್ಲಿ ಎಲ್ಲರೂ ಎಡವುವ ಕಲ್ಲು ಒಂದಿದೆ. ಇಪ್ಪತ್ತು ಜನರನ್ನು ಚಿತ್ರಿಸಿದ್ದರೆ ನಾಲ್ವರ ಎಲ್ಲ ವಿಡಿಯೊವನ್ನೂ ಪೂರ್ತಿ ಬೇರೆ ಇಡಬೇಕು. ಒಬ್ಬರದೇ ವಿಡಿಯೊ ಕಲಿಕೆಯಲ್ಲೂ ಪರೀಕ್ಷೆಯಲ್ಲೂ ಇದ್ದರೆ ಯಂತ್ರ ಸನ್ನೆಯ ಬದಲು ಆ ವ್ಯಕ್ತಿಯನ್ನು ಕಲಿಯುತ್ತದೆ. ಲ್ಯಾಬಿನಲ್ಲಿ ಮಿಂಚಿ ಕೌಂಟರಿನಲ್ಲಿ ನೆಲ ಕಚ್ಚುತ್ತದೆ.

ಮುಖ ಮರೆಮಾಚಿದರೆ ವ್ಯಾಕರಣವೇ ಹೋಗುವುದರಿಂದ ಚಿತ್ರಿಸುವವರ ಮುಂದೆ ನಿಲ್ಲುವ ಕಿವುಡರ ಒಪ್ಪಿಗೆ ಗಟ್ಟಿಯಾಗಿರಬೇಕು. ಕನ್ನಡ ಫಾರಂ ಸಾಲದು, ಹಲವರಿಗೆ ಬರಹದ ಕನ್ನಡ ಎರಡನೆಯ ಭಾಷೆ; ಸಂಜ್ಞೆಯಲ್ಲೇ ವಿವರಿಸಿ, ಸಂಜ್ಞೆಯಲ್ಲೇ ಒಪ್ಪಿಗೆ ಪಡೆಯಿರಿ. ಪದ ಗುರುತಿಸುವ ಕೆಲಸ ಕಿವುಡರಿಗೇ ಕೊಡಿ, ಸಂಬಳ ಕೊಟ್ಟು.

ಯಂತ್ರಕ್ಕೆ ಅನುಮಾನ ಬಂದಾಗ ಊಹಿಸಿ ಹೇಳಬಾರದು. ಎರಡು ಆಯ್ಕೆ ತೋರಿಸಲಿ, ರೋಗಿಯೇ ಮುಟ್ಟಲಿ. ಎರಡೂ ತಪ್ಪಾದರೆ ದುಭಾಷಿಗೆ ವಿಡಿಯೊ ಕರೆ ಹೋಗುವ ಬಟನ್ ಅದೇ ಪರದೆಯಲ್ಲಿ, ಎಲ್ಲಕ್ಕಿಂತ ದೊಡ್ಡದಾಗಿ ಇರಲಿ.